ಚಪಲ್ ಕರಾಚಿಗೆ ಹೋಗಿರಲಿಲ್ಲ ಸ್ವಾಮಿ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಕಾರವಾರ ಪ್ರವಾಸದ ಬಗ್ಗೆ ಒಂದು ಲೇಖನ ಬಂದಿತ್ತು. ಚೆನ್ನಾಗಿತ್ತು. ಮೀನೂಟದ ಭಾಗ ಓದಿ ಸಸ್ಯಾಹಾರಿಯಾದ ನನಗೇ ಬಾಯಲ್ಲಿ ನೀರು ಬಂತು. ಆದರೆ ಟ್ಯಾಗೋರ್ ಕಡಲತೀರದಲ್ಲಿ ನಿಂತಿರುವ ಐಎನ್‌ಎಸ್ ಚಪಲ್ ಅನ್ನೋ ಮ್ಯೂಸಿಯಂ ಹಡಗಿನ ಬಗ್ಗೆ ಬರೆದ ಒಂದು ಸಾಲು ನಮ್ಮ ಮನೆಯಲ್ಲಿ ಗಲಾಟೆ ಎಬ್ಬಿಸಿದೆ. 1971ರ ಯುದ್ಧದಲ್ಲಿ ಕರಾಚಿ ಬಂದರಿಗೆ ಬೆಂಕಿ ಇಟ್ಟ ಹಡಗು ಇದೇ ಅಂತ ಬರೆದಿದ್ದೀರಿ. ಇದಲ್ಲ ಸ್ವಾಮಿ. ಇದು ಆಗ ಹುಟ್ಟಿಯೇ ಇರಲಿಲ್ಲ.

ಸುಮ್ನೆ ಇರಬಹುದಿತ್ತು. ಇದೇ ಮಾತನ್ನು ನಾನು ಕಳೆದ ಹತ್ತು ವರ್ಷದಲ್ಲಿ ಎಷ್ಟು ಕಡೆ ಓದಿದ್ದೇನೋ ಲೆಕ್ಕವಿಲ್ಲ, ಓದಿ ಹಲ್ಲು ಕಚ್ಚಿಕೊಂಡು ಪುಟ ತಿರುಗಿಸಿದ್ದೇನೆ. ಈ ಸಲ ಹಾಗೆ ಮಾಡೋಕೆ ಆಗಲಿಲ್ಲ, ಕಾರಣ ಇದೆ. ಲೇಖನ ಬಂದ ಮೂರನೇ ದಿನ ಇಲ್ಲೇ ನಮ್ಮ ಕಡೆ ಶಾಲೆಗಳ ನಡುವೆ ಒಂದು ಕ್ವಿಜ್ ನಡೆಯಿತು. ನನ್ನ ತಂಗಿಯ ಮಗಳು ಒಂಬತ್ತನೇ ಕ್ಲಾಸು, ಅವಳೂ ಹೋಗಿದ್ದಳು. ಪ್ರಶ್ನೆ ಏನಪ್ಪಾ ಅಂದರೆ, 1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿ ಈಗ ಕಾರವಾರದಲ್ಲಿ ಇರುವ ಹಡಗು ಯಾವುದು? ಹುಡುಗಿ ಎದ್ದು ನಿಂತು, ಕಾರವಾರದಲ್ಲಿ ಇರೋದು ಚಪಲ್, ಆದರೆ ಅದು ಕರಾಚಿಗೆ ಹೋಗಿರಲಿಲ್ಲ ಅಂದಳು. ಸೊನ್ನೆ. ಪಕ್ಕದ ತಂಡ ಚಪಲ್ ಅಂತ ಒಂದೇ ಮಾತು ಹೇಳಿ ಹತ್ತು ಅಂಕ ಹೊಡೆದುಕೊಂಡು ಹೋಯಿತು. ಇವಳು ವಾದ ಮಾಡಿದಾಗ ಕ್ವಿಜ್ ನಡೆಸುತ್ತಿದ್ದವರು ಫೈಲಿನಿಂದ ತೆಗೆದು ತೋರಿಸಿದ್ದು ಏನು ಗೊತ್ತಾ? ನಿಮ್ಮ ಪುರವಣಿಯ ಅದೇ ಪುಟ!

ಮನೆಗೆ ಬಂದವಳು ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಯಾಕಂದ್ರೆ ಅವಳಿಗೆ ಅದನ್ನು ಹೇಳಿಕೊಟ್ಟವನು ನಾನೇ.

ನನ್ನ ಪರಿಚಯ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಊರು ತುಮರಿ ಕಡೆ, ಈಗ ವಾಸ ಸಾಗರದಲ್ಲಿ, ಒಂದಿಷ್ಟು ಅಡಿಕೆ ತೋಟ ಇದೆ. ಸೇನೆಗೂ ನನಗೂ ಏನೂ ಸಂಬಂಧ ಇಲ್ಲ. ನಾನು ಮೊದಲು ಹತ್ತಿದ ಹಡಗು ಅಂದರೆ ಶರಾವತಿ ಹಿನ್ನೀರಿನ ಲಾಂಚು. ಈಗ ಸಿಗಂದೂರು ಸೇತುವೆ ಆಗಿದೆ, ಆ ಕಡೆಯವರ ಕಷ್ಟ ತೀರಿದೆ, ಒಳ್ಳೆಯದೇ ಆಯಿತು. ಆದರೆ ಚಿಕ್ಕವನಿದ್ದಾಗ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುತ್ತಾ ನಿಲ್ಲೋದು ಅಂದರೆ ನನಗೆ ಹಬ್ಬ. ಬಸ್ಸು ಹಿಮ್ಮುಖವಾಗಿ ಹಲಗೆ ಹತ್ತುವಾಗ ಲಾಂಚು ಒಂದು ಪಕ್ಕಕ್ಕೆ ವಾಲಿ, ಮತ್ತೆ ನಿಧಾನ ಸಮ ಆಗುತ್ತಲ್ಲ, ಆ ಒಂದು ಗಳಿಗೆ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಅಷ್ಟು ಭಾರ ಹೊತ್ತು ಅದು ಮುಳುಗೋದಿಲ್ಲ ಯಾಕೆ ಅಂತ ಅಪ್ಪನನ್ನು ಕೇಳಿ ಕೇಳಿ ಬೈಸಿಕೊಂಡಿದ್ದೇನೆ. ಹುಚ್ಚು ಹತ್ತಿದ್ದು ಅಲ್ಲಿಂದ.

ನನ್ನಂಥ ಹುಚ್ಚರು ಇನ್ನೂ ಮೂವರು ಸಿಕ್ಕಿದ್ದಾರೆ. ಒಬ್ಬರು ರಿಟೈರ್ ಆದ ಮೇಷ್ಟ್ರು, ಒಬ್ಬ ಬ್ಯಾಂಕಿನವನು, ಇನ್ನೊಬ್ಬ ಗ್ಯಾರೇಜ್ ಇಟ್ಟಿದ್ದಾನೆ. ಭಾನುವಾರ ಬೆಳಿಗ್ಗೆ ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ಕೂತು ಹಡಗಿನ ಪ್ರಶ್ನೆ ಕೇಳಿಕೊಳ್ಳೋದು, ಉತ್ತರ ಬರದವರು ಕಾಫಿ ಬಿಲ್ಲು ಕೊಡೋದು. ಸಮುದ್ರ ಇಲ್ಲಿಂದ ಒಂದು ಘಾಟಿ ಕೆಳಗೆ. ಮಳೆಗಾಲದಲ್ಲಿ ಅಂಗಳ ದಾಟೋಕೇ ಹಡಗು ಬೇಕಾಗೋ ಊರಿನಲ್ಲಿ ಕೂತು ಇವರಿಗೆ ಯುದ್ಧನೌಕೆ ಯಾಕೆ ಅಂತ ಹೋಟೆಲ್ ಮಾಲೀಕರು ನಗುತ್ತಾರೆ. ನಗಲಿ. ನಮ್ಮ ಟೇಬಲ್ಲಿನಲ್ಲಿ ಒಂದು ನಿಯಮ ಮಾತ್ರ ಇದೆ. ಕಥೆ ಎಷ್ಟೇ ಚೆನ್ನಾಗಿರಲಿ, ಹಡಗಿನ ಹೆಸರು ಮತ್ತು ಇಸವಿ ತಪ್ಪಿದರೆ ಬಿಲ್ಲು ನಿನ್ನದು.

ಆ ಲೆಕ್ಕದಲ್ಲಿ ಈ ವಾರದ ಬಿಲ್ಲು ನಿಮ್ಮದು, ಸಂಪಾದಕರೇ.

ವಿಷಯಕ್ಕೆ ಬರೋಣ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಹತ್ತಿರ ಹೋಗಿ ಕ್ಷಿಪಣಿ ಬಿಟ್ಟ ದೋಣಿಗಳು ಮೂರು. ನಿರ್ಘಾತ್, ನಿಪಾತ್, ವೀರ್. ಜೊತೆಗೆ ಇದ್ದದ್ದು ಕಿಲ್ತಾನ್ ಮತ್ತು ಕಚ್ಚಾಲ್ ಅನ್ನೋ ಸ್ವಲ್ಪ ದೊಡ್ಡ ಹಡಗುಗಳು. ಇದು ಆಪರೇಷನ್ ಟ್ರೈಡೆಂಟ್, ಇದರ ನೆನಪಿಗೇ ಡಿಸೆಂಬರ್ 4 ನೌಕಾಪಡೆ ದಿನ. ಮತ್ತೆ 8ರ ರಾತ್ರಿ ಹೋದದ್ದು ಆಪರೇಷನ್ ಪೈಥಾನ್. ಅದರಲ್ಲಿ ಕ್ಷಿಪಣಿ ದೋಣಿ ವಿನಾಶ್ ಒಂದೇ, ಅದರ ಜೊತೆ ತ್ರಿಶೂಲ್ ಮತ್ತು ತಲ್ವಾರ್. ಕರಾಚಿ ಬಂದರಿನ ಕೇಮಾರಿಯ ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದದ್ದು ವಿನಾಶ್ ಬಿಟ್ಟ ಕ್ಷಿಪಣಿಗೆ. ಈ ಪಟ್ಟಿಯಲ್ಲಿ ಚಪಲ್ ಎಲ್ಲಿದೆ? ರಷ್ಯದವರಿಂದ ನಾವು ಮೊದಲು ತಂದ ಎಂಟು ಓಸಾ ಮಾದರಿಯ ಕ್ಷಿಪಣಿ ದೋಣಿಗಳಲ್ಲೂ ಆ ಹೆಸರಿಲ್ಲ. ಅದು ಬಂದದ್ದು ಎರಡನೇ ಕಂತಿನಲ್ಲಿ, ಪ್ರಚಂಡ, ಪ್ರಳಯ, ಚಮಕ್ ಇವುಗಳ ಜೊತೆ. ನೌಕಾಪಡೆಗೆ ಸೇರಿದ್ದು 1976ರಲ್ಲಿ. ಯುದ್ಧ ಮುಗಿದು ಐದು ವರ್ಷ ಆಗಿತ್ತು.

ಇಸವಿಯನ್ನು ನಂಬದವರು ಕಣ್ಣಿನಿಂದಲೇ ನೋಡಬಹುದು. ಹೋದ ವರ್ಷ ಡಿಸೆಂಬರ್‌ನಲ್ಲಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಕೈಕೊಟ್ಟು ಕೊಯ್ಲು ಎರಡು ದಿನ ನಿಂತುಹೋಯಿತು. ಅದೇ ನೆಪ ಸಾಕಾಯಿತು, ನಾವು ನಾಲ್ವರೂ ತಂಗಿಯ ಮಗಳನ್ನೂ ಕರೆದುಕೊಂಡು ಜೋಗದ ಮೇಲೆ, ಗೇರುಸೊಪ್ಪೆ ಘಾಟಿ ಇಳಿದು, ಹೊನ್ನಾವರ ದಾಟಿ ಕಾರವಾರಕ್ಕೆ ಹೋದೆವು. ಚಪಲ್ ಡೆಕ್ಕಿನ ಮೇಲೆ ಎರಡೂ ಬದಿ ಸೇರಿ ನಾಲ್ಕು ದೊಡ್ಡ ಕ್ಷಿಪಣಿ ಗೂಡುಗಳಿವೆ. ಗುಂಡಗೆ, ಉದ್ದಕ್ಕೆ, ಡಾಂಬರು ಡ್ರಮ್ಮುಗಳನ್ನು ಸಾಲಾಗಿ ಜೋಡಿಸಿ ಬೆಸುಗೆ ಹಾಕಿದ ಹಾಗೆ. ಅದೇ ಗುರುತು! 1971ರ ದೋಣಿಗಳಲ್ಲಿ ಇದ್ದದ್ದು ಗುಂಡಗಿನ ಕೊಳವೆಯಲ್ಲ, ಪೆಟ್ಟಿಗೆಯಂಥ ಗೂಡು. ಆಗಿನ ಕ್ಷಿಪಣಿಯ ರೆಕ್ಕೆ ಮಡಚುತ್ತಿರಲಿಲ್ಲ, ಬಿಚ್ಚಿದ ರೆಕ್ಕೆ ಸಮೇತ ಒಳಗೆ ಕೂರಬೇಕಾದ್ದರಿಂದ ಅಷ್ಟು ಅಗಲದ ಪೆಟ್ಟಿಗೆ ಬೇಕಾಗುತ್ತಿತ್ತು. ಆಮೇಲಿನ ಕ್ಷಿಪಣಿಗೆ ಮಡಚುವ ರೆಕ್ಕೆ ಬಂತು, ಗೂಡು ಕೊಳವೆ ಆಯಿತು. ನಮ್ಮ ಗ್ಯಾರೇಜಿನವನು ಆ ಕೊಳವೆಗೆ ಬೆರಳಲ್ಲಿ ಟಕಟಕ ಅಂತ ಬಡಿದು, ಟ್ರಂಕಿಗೂ ಡ್ರಮ್ಮಿಗೂ ಇರೋ ವ್ಯತ್ಯಾಸ ನೋಡು ಮಗಳೇ ಅಂದ. ಅವಳು ಅವತ್ತೇ ನೋಟ್‌ಬುಕ್ಕಿನಲ್ಲಿ ಎರಡರ ಚಿತ್ರವನ್ನೂ ಬರೆದುಕೊಂಡಳು.

ನಾವು ಅಲ್ಲಿರುವಾಗಲೇ ಒಂದು ಶಾಲೆಯ ಮಕ್ಕಳು ಪ್ರವಾಸಕ್ಕೆ ಬಂದರು. ನೂರು ನೂರಿಪ್ಪತ್ತು ಮಕ್ಕಳು, ಕೈಯಲ್ಲಿ ಐಸ್‌ಕ್ರೀಮು, ಕಾಲಲ್ಲಿ ಮರಳು. ಮೇಷ್ಟ್ರೊಬ್ಬರು ಗಂಟಲು ಹರಿಯೋ ಹಾಗೆ, ಮಕ್ಕಳೇ ಇದೇ ಹಡಗು ಕರಾಚಿಯನ್ನು ಸುಟ್ಟಿದ್ದು ಅಂತ ಹೇಳುತ್ತಿದ್ದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಪಕ್ಕಕ್ಕೆ ಕರೆದು ಮೆಲ್ಲಗೆ ಇಸವಿ ಹೇಳಿದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿ, 'ಇರಲಿ ಬಿಡಿ ಸರ್, ಮಕ್ಕಳಿಗೆ ಖುಷಿ ಆಗುತ್ತೆ, ದೇಶದ ಮೇಲೆ ಅಭಿಮಾನ ಬರುತ್ತೆ' ಅಂದರು.

ಒಳ್ಳೆಯ ಮನುಷ್ಯ, ನಾನು ಜಗಳ ಮಾಡಲಿಲ್ಲ. ಆದರೆ ಆ ಮಾತು ಘಾಟಿ ಹತ್ತುವವರೆಗೂ ನನ್ನನ್ನು ಕೊರೆಯಿತು. ಯಾಕಂದ್ರೆ ನಿಜವಾದ ಕಥೆ ಇದಕ್ಕಿಂತ ಎಷ್ಟೋ ಚೆನ್ನಾಗಿದೆ.

ಕೇಳಿ. ಆ ಓಸಾ ದೋಣಿಗಳು ಸಣ್ಣವು, ಉದ್ದ ಮೂವತ್ತೆಂಟು ಮೀಟರ್ ಚಿಲ್ಲರೆ. ತಮ್ಮ ಬಂದರಿನ ಹತ್ತಿರ ಕಾವಲು ಕಾಯಲಿ ಅಂತ ರಷ್ಯದವರು ಕಟ್ಟಿದ್ದು. ವೇಗ ಜಾಸ್ತಿ, ಆದರೆ ದೂರ ಹೋಗುವಷ್ಟು ಎಣ್ಣೆ ಹಿಡಿಯೋದಿಲ್ಲ. ರಷ್ಯದಿಂದ ಬಂದಾಗ ಅವುಗಳನ್ನು ಎತ್ತಿ ಇಳಿಸುವಷ್ಟು ಶಕ್ತಿಯ ಕ್ರೇನು ಬಾಂಬೆಯಲ್ಲಿ ಇರಲಿಲ್ಲ. ಕಲ್ಕತ್ತದಲ್ಲಿ ಇಳಿಸಿ, ಅಲ್ಲಿಂದ ಇಡೀ ದೇಶಕ್ಕೆ ಸುತ್ತು ಹಾಕಿ ಬಾಂಬೆವರೆಗೆ ದೊಡ್ಡ ಹಡಗುಗಳಿಗೆ ಕಟ್ಟಿ ಎಳೆದುಕೊಂಡು ಬಂದರು. ಎಳೆದು ತರೋಕೆ ಆಗುತ್ತೆ ಅಂದರೆ ಎಳೆದುಕೊಂಡು ಹೋಗೋಕೂ ಆಗುತ್ತಲ್ಲ! ಕಾವಲು ನಾಯಿಯನ್ನು ಕರೆದುಕೊಂಡು ಹೋಗಿ ಪಕ್ಕದ ಊರಿನ ಬಾಗಿಲಲ್ಲಿ ಬಿಡುವ ಲೆಕ್ಕ ಹುಟ್ಟಿದ್ದು ಹೀಗೆ. ಮಳೆಗಾಲದಲ್ಲಿ ಕೆಸರಲ್ಲಿ ಹೂತ ಜೀಪಿಗೆ ಹಗ್ಗ ಕಟ್ಟಿ ಟ್ರ್ಯಾಕ್ಟರಿನಲ್ಲಿ ಎಳೆಸಿದ ಮಲೆನಾಡಿನ ಯಾವ ಹುಡುಗನಿಗೆ ಬೇಕಾದರೂ ಇದನ್ನು ಹೇಳಿ ನೋಡಿ, ಕಣ್ಣರಳಿಸಿ ಕೇಳುತ್ತಾನೆ. ದೋಣಿಯವರು ರಷ್ಯದಲ್ಲಿ ತರಬೇತಿ ಪಡೆದು ಬಂದಿದ್ದರಿಂದ ರಷ್ಯನ್ ಭಾಷೆ ಬರುತ್ತಿತ್ತು, ದಾಳಿಯ ರಾತ್ರಿ ರೇಡಿಯೋದಲ್ಲಿ ಅದನ್ನೇ ಮಾತಾಡಿಕೊಂಡರು.

ಆ ಕಡೆಯ ಕಥೆಯೂ ಇದೆ. ನಿರ್ಘಾತ್ ಬಿಟ್ಟ ಕ್ಷಿಪಣಿ ಬಿದ್ದದ್ದು ಪಾಕಿಸ್ತಾನದ ಖೈಬರ್ ಅನ್ನೋ ಹಡಗಿಗೆ. ಅದು ಹಳೇ ಬ್ರಿಟಿಷ್ ಹಡಗು, ಮೊದಲಿನ ಹೆಸರು ಕಾಡಿಜ್. ಕತ್ತಲಲ್ಲಿ ಬೆಂಕಿಯ ಬಾಲ ಬಿಟ್ಟುಕೊಂಡು ಬರುತ್ತಿದ್ದದ್ದು ಏನು ಅಂತ ಆ ಹಡಗಿನವರಿಗೆ ಗೊತ್ತಾಗಲಿಲ್ಲ. ವಿಮಾನ ಅಂದುಕೊಂಡು ವಿಮಾನ ಹೊಡೆಯುವ ಗನ್ನಿನಿಂದ ಗುಂಡು ಹಾರಿಸಿದರು. ಪೆಟ್ಟು ಬಿದ್ದ ಮೇಲೂ ಅವರು ಕಳಿಸಿದ ಸಂದೇಶ, ಶತ್ರು ವಿಮಾನ ದಾಳಿ ಮಾಡಿದೆ ಅಂತಲೇ. ಎರಡನೇ ಕ್ಷಿಪಣಿ ಬಂದು ಹಡಗು ಮುಳುಗಿತು. ಮುಳುಗಿದವರಿಗೆ ತಮ್ಮನ್ನು ಮುಳುಗಿಸಿದ್ದು ಏನು ಅಂತ ಕೊನೆಗೂ ತಿಳಿಯಲಿಲ್ಲ ಅನ್ನೋದನ್ನು ಓದಿದ ದಿನ ನಮ್ಮ ಟೇಬಲ್ಲಿನಲ್ಲಿ ಯಾರೂ ಬಿಲ್ಲಿನ ಮಾತೆತ್ತಲಿಲ್ಲ.

ಇಷ್ಟು ದೊಡ್ಡ ಕೆಲಸ ಮಾಡಿದ ದೋಣಿಗಳ ಹೆಸರು ನಿರ್ಘಾತ್, ನಿಪಾತ್, ವೀರ್. ಅವರ ಪಾಲಿನದನ್ನು ತೆಗೆದು ಐದು ವರ್ಷ ಆಮೇಲೆ ಬಂದ ತಮ್ಮನ ಕೊರಳಿಗೆ ಹಾಕೋದು ಯಾವ ನ್ಯಾಯ? ಅಜ್ಜ ಈಸೂರಿನ ಹೋರಾಟದಲ್ಲಿದ್ದ ಅಂತ ಮೊಮ್ಮಗನಿಗೆ ಸ್ವಾತಂತ್ರ್ಯ ಯೋಧರ ಪಿಂಚಣಿ ಕೊಡುತ್ತಾರಾ? ಚಪಲ್‌ಗೆ ಅದರದ್ದೇ ಮರ್ಯಾದೆ ಇದೆ. 1976ರಿಂದ 2005ರವರೆಗೆ ದುಡಿದ ದೋಣಿ ಅದು. ಕಬ್ಬಿಣದ ಗುಜರಿಗೆ ಹೋಗದೆ ಮಕ್ಕಳು ಹತ್ತಿ ಇಳಿಯುವ ಹಾಗೆ ನಿಂತಿದೆ. ಅಷ್ಟು ಸಾಲದಾ? ಅಂದಹಾಗೆ ಎಷ್ಟೋ ಕಡೆ ಅದನ್ನು ಚಾಪೆಲ್ ಅಂತ ಬರೆಯುತ್ತಾರೆ, ಇಗರ್ಜಿ ಅನ್ನೋ ಹಾಗೆ. ಅದು ಚಪಲ್. ಚುರುಕು, ಮಿಂಚು ಅನ್ನೋ ಅರ್ಥದ್ದು. ನಮ್ಮ ಕನ್ನಡದಲ್ಲಿ ಚಪಲ ಅಂದರೆ ಬೇರೆಯೇ, ಭಾನುವಾರ ಹೋಟೆಲಿನಲ್ಲಿ ನಾವು ನಾಲ್ವರು ತೀರಿಸಿಕೊಳ್ಳೋದು ಅದು.

ಹೆಸರಿನ ಗೊಂದಲ ನಿಮ್ಮೊಬ್ಬರದ್ದೇ ಅಂತ ನಾನು ಹೇಳೋದಿಲ್ಲ. ನಮ್ಮ ನೌಕಾಪಡೆಯಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡೋ ಪದ್ಧತಿ ಇದೆ. ದೀವ್‌ನಲ್ಲಿ ಈಗ ಖುಕ್ರಿ ಅನ್ನೋ ಹಡಗನ್ನು ಮ್ಯೂಸಿಯಂ ಮಾಡಿದ್ದಾರೆ. 2021ರಲ್ಲಿ ನಿವೃತ್ತಿ ಆದ ಹಡಗು ಅದು. ಆದರೆ ದೀವ್ ಹತ್ತಿರದ ಸಮುದ್ರದಲ್ಲಿ 1971ರ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಹ್ಯಾಂಗೋರ್ ಅನ್ನೋ ಸಬ್‌ಮರೀನಿನ ಟಾರ್ಪಿಡೊಗೆ ಮುಳುಗಿದ ಖುಕ್ರಿ ಬೇರೆ. ಅದರಲ್ಲಿ 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಪ್ಪಿಸಿಕೊಳ್ಳೋಕೆ ಹೋಗಲಿಲ್ಲ, ಹಡಗಿನ ಜೊತೆಗೇ ಹೋದರು. ಅದು ಇವತ್ತಿಗೂ ನೀರಿನ ತಳದಲ್ಲೇ ಇದೆ. ಮ್ಯೂಸಿಯಂ ಹಡಗಿನ ಡೆಕ್ಕಿನ ಮೇಲೆ ನಿಂತು, ಮುಲ್ಲಾ ಇಲ್ಲೇ ನಿಂತಿದ್ದರು ಅಂತ ಸೆಲ್ಫಿ ತೆಗೆದರೆ ಹೇಗಿರುತ್ತೆ, ನೀವೇ ಹೇಳಿ.

ವಿಮಾನ ಹೊತ್ತು ಸಾಗುವ ಹಡಗು ವಿಕ್ರಾಂತ್ ಕೂಡ ಹಾಗೆಯೇ. 1971ರಲ್ಲಿ ಬಾಯ್ಲರಿನಲ್ಲಿ ಬಿರುಕು ಇಟ್ಟುಕೊಂಡೇ ಬಂಗಾಳ ಕೊಲ್ಲಿಗೆ ಹೋಗಿ ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ವಿಮಾನ ಕಳಿಸಿದ ಹಳೇ ವಿಕ್ರಾಂತ್ 2014ರಲ್ಲಿ ಗುಜರಿಗೆ ಹೋಯಿತು. 2022ರಲ್ಲಿ ಕೊಚ್ಚಿಯಲ್ಲಿ ಸೇರಿದ್ದು ಹೊಸದು. ನಮ್ಮ ಗ್ಯಾರೇಜಿನವನ ಹತ್ತಿರ ಒಂದು ಬಜಾಜ್ ವಿ15 ಬೈಕ್ ಇದೆ, ಹಳೇ ವಿಕ್ರಾಂತದ ಲೋಹವನ್ನು ಕರಗಿಸಿ ಸೇರಿಸಿದ್ದಾರೆ ಅನ್ನೋ ಒಂದೇ ಕಾರಣಕ್ಕೆ ತಗೊಂಡಿದ್ದು. ಹುಲಿಕಲ್ ಘಾಟಿ ಹತ್ತುವಾಗ ಬೈಕು ಏದುಸಿರು ಬಿಟ್ಟರೆ, ಬಾಯ್ಲರ್ ಹಳೇದು ಮಾರಾಯ ಅನ್ನುತ್ತಾನೆ.

ನಾನೇನು ಸಾಚಾ ಅಲ್ಲ, ಅದನ್ನೂ ಹೇಳಬೇಕು. ವಿಶಾಖಪಟ್ಟಣದ ಹತ್ತಿರ ಮುಳುಗಿದ ಪಾಕಿಸ್ತಾನದ ಸಬ್‌ಮರೀನ್ ಘಾಜಿಯನ್ನು ನಮ್ಮ ರಜಪೂತ್ ಹಡಗೇ ಹೊಡೆದದ್ದು, ಎರಡು ಮಾತಿಲ್ಲ ಅಂತ ವರ್ಷಗಟ್ಟಲೆ ಟೇಬಲ್ ಕುಟ್ಟಿ ವಾದ ಮಾಡಿದವನು ನಾನು. ಘಾಜಿ ಬಂದದ್ದು ವಿಕ್ರಾಂತ್ ಹುಡುಕಿಕೊಂಡು, ರಜಪೂತ್ ತಾನೇ ವಿಕ್ರಾಂತ್ ಅನ್ನೋ ಹಾಗೆ ನಾಟಕ ಆಡಿ ಅದನ್ನು ದಾರಿ ತಪ್ಪಿಸಿತು, ನೀರಿಗೆ ಡೆಪ್ತ್ ಚಾರ್ಜ್, ಅಂದರೆ ನೀರೊಳಗೆ ಸಿಡಿಯೋ ಬಾಂಬು, ಹಾಕಿತು, ಇಷ್ಟೂ ನಮ್ಮ ಕಡೆಯ ದಾಖಲೆ. ಆದರೆ ಘಾಜಿ ತಾನೇ ನೀರಲ್ಲಿ ಹುದುಗಿಸಿದ ಮೈನಿಗೆ, ಅಂದರೆ ಸಿಡಿಮದ್ದಿಗೆ, ಸಿಕ್ಕಿತು ಅಂತಲೂ, ಒಳಗೇ ಏನೋ ಸ್ಫೋಟ ಆಯಿತು ಅಂತಲೂ ವಾದಗಳಿವೆ, ಇವತ್ತಿಗೂ ತೀರ್ಮಾನ ಆಗಿಲ್ಲ. ಮೇಷ್ಟ್ರು ಒಂದು ಭಾನುವಾರ ಇದನ್ನೆಲ್ಲಾ ಮುಂದಿಟ್ಟು ಕೂತರು. ಅವತ್ತು ಕಾಫಿ ಜೊತೆ ನಾಲ್ಕು ಮಸಾಲೆ ದೋಸೆಯ ಬಿಲ್ಲೂ ನನ್ನ ಮೇಲೆ ಬಿತ್ತು. ಅಭಿಮಾನ ಒಂದು ಗುಲಗಂಜಿಯಷ್ಟೂ ಕಮ್ಮಿ ಆಗಲಿಲ್ಲ.

ಇನ್ನೊಂದು ಮಾತು, ಇದು ದೂರಲ್ಲ, ಸಲಹೆ. 1971ರ ಯುದ್ಧಕ್ಕೂ ಕರ್ನಾಟಕಕ್ಕೂ ಗಂಟು ಹಾಕಬೇಕು ಅನ್ನೋ ಆಸೆಯಿಂದ ತಾನೇ ಲೇಖಕರು ಚಪಲ್‌ನ ಹಿಡಿದುಕೊಂಡದ್ದು? ಅಷ್ಟು ಕಷ್ಟ ಬೇಕಿರಲಿಲ್ಲ. ಆ ಯುದ್ಧದಲ್ಲಿ ಪಶ್ಚಿಮ ಫ್ಲೀಟಿನ ಅಡ್ಮಿರಲ್ ಕೂತಿದ್ದ ಮುಖ್ಯ ಹಡಗಿನ ಹೆಸರೇ ಐಎನ್‌ಎಸ್ ಮೈಸೂರು! ನಮ್ಮ ನಾಡಿನ ಹೆಸರನ್ನೇ ಹೊತ್ತ ಕ್ರೂಸರ್. ಅದರ ಪೂರ್ವಜನ್ಮದ ಕಥೆ ಕೇಳಿದರೆ ಒಂದು ಪುರವಣಿ ಪೂರ್ತಿ ಸಾಲದು. ಮೊದಲು ಬ್ರಿಟಿಷರ ನೈಜೀರಿಯ ಅನ್ನೋ ಹಡಗು. 1942ರ ಆಗಸ್ಟಿನಲ್ಲಿ ಮಾಲ್ಟಾ ದ್ವೀಪಕ್ಕೆ ಸಾಮಾನು ಒಯ್ಯುವ ಹಡಗುಗಳಿಗೆ ಕಾವಲಾಗಿ ಹೋದಾಗ ಇಟಲಿಯ ಸಬ್‌ಮರೀನ್ ಟಾರ್ಪಿಡೊ ಹೊಡೆಯಿತು, ಹೇಗೋ ಕುಂಟುತ್ತಾ ಜಿಬ್ರಾಲ್ಟರ್ ಸೇರಿಕೊಂಡಿತು. 1957ರಲ್ಲಿ ನಮಗೆ ಬಂದು ಮೈಸೂರು ಆಯಿತು, 1985ರವರೆಗೆ ಇತ್ತು. 1959ರಲ್ಲಿ ಸಿಲೋನ್ ಹತ್ತಿರ ಕವಾಯತು ಮಾಡುವಾಗ ಹೋಗ್ ಅನ್ನೋ ಬ್ರಿಟಿಷ್ ಹಡಗಿಗೇ ಡಿಕ್ಕಿ ಆಯಿತು, ಜಾಸ್ತಿ ಪೆಟ್ಟು ತಿಂದದ್ದು ಬ್ರಿಟಿಷರದ್ದೇ. ಅವರೇ ಮಾರಿದ ಹಡಗು ನೋಡಿ.

ಈಗ ಇರುವ ಎರಡನೇ ಮೈಸೂರು 1999ರಲ್ಲಿ ಸೇರಿದ ಡೆಸ್ಟ್ರಾಯರ್. ಹಳೆಯದರ ಸಂಖ್ಯೆ ಸಿ60, ಇದರದ್ದು ಡಿ60, ಅರವತ್ತು ಹಾಗೇ ಉಳಿದಿದೆ. ಲಾಂಛನದಲ್ಲಿ ಗಂಡಭೇರುಂಡ. ನಮ್ಮ ಸರ್ಕಾರಿ ಬಸ್ಸಿನ ಮೇಲೆ ಇರೋದೂ ಅದೇ ಹಕ್ಕಿ. ಆ ಹಕ್ಕಿಯನ್ನು ಕಂಬದ ಮೇಲೆ ನೋಡಬೇಕಾದರೆ ಮೈಸೂರಿಗೆ ಹೋಗಬೇಕಾಗಿಲ್ಲ, ಶಿಕಾರಿಪುರದ ಹತ್ತಿರ ಬಳ್ಳಿಗಾವಿಯಲ್ಲಿ 1047ರ ಗಂಡಭೇರುಂಡ ಕಂಬ ಬಯಲಲ್ಲೇ ನಿಂತಿದೆ. ಅಲ್ಲೇ ಪಕ್ಕದ ತಾಳಗುಂದದ ಶಾಸನದಲ್ಲಿ ಕದಂಬರ ಮಯೂರಶರ್ಮನ ಕಥೆ ಕೆತ್ತಿದ್ದಾರೆ. ಕಾರವಾರದ ನೌಕಾನೆಲೆಗೆ ಹೆಸರೇನು ಹೇಳಿ? ಐಎನ್‌ಎಸ್ ಕದಂಬ! 2012ರಲ್ಲಿ ಸೇರಿದ ಒಂದು ಫ್ರಿಗೇಟಿಗೆ ನಮ್ಮ ಮನೆ ಹಿಂದಿನ ಬೆಟ್ಟಸಾಲಿನದ್ದೇ ಹೆಸರು, ಸಹ್ಯಾದ್ರಿ. ಸಮುದ್ರ ಕಾಣದ ಊರಿನವರಿಗೆ ಹಡಗಿನ ಹುಚ್ಚು ಯಾಕೆ ಅಂತ ನಗುವ ಹೋಟೆಲ್ ಮಾಲೀಕರಿಗೆ ನಾನು ಇದನ್ನೇ ಹೇಳೋದು. ಅವರು, ಸರಿ ಬಿಲ್ಲು ಯಾರದ್ದು ಅನ್ನುತ್ತಾರೆ.

ನನ್ನ ಕೋರಿಕೆ ಸಣ್ಣದು. ನೌಕಾಪಡೆ ದಿನ ಹತ್ತಿರ ಬಂತು. ಡಿಸೆಂಬರ್ 4ರ ಮೊದಲು, ಎಲ್ಲೋ ಒಳಪುಟದ ಮೂಲೆಯಲ್ಲಾದರೂ ಸರಿ, ಎರಡು ಸಾಲಿನ ತಿದ್ದುಪಡಿ ಹಾಕಿ. ಚಪಲ್ ಸೇರಿದ್ದು 1976ರಲ್ಲಿ, ಕರಾಚಿಗೆ ಹೋದದ್ದು ನಿರ್ಘಾತ್, ನಿಪಾತ್, ವೀರ್ ಮತ್ತು ವಿನಾಶ್. ಇಷ್ಟೇ ಸಾಕು, ಕ್ಷಮೆ ಗಿಮೆ ಏನೂ ಬೇಡ. ನಾನು ಹೇಳಿದರೆ ಕ್ವಿಜ್‌ನವರು ಕೇಳೋದಿಲ್ಲ, ಪೇಪರಿನಲ್ಲಿ ಬಂದರೆ ಕೇಳುತ್ತಾರೆ. ಹೋದ ಹತ್ತು ಅಂಕ ಹೋಯಿತು, ಅದನ್ನು ವಾಪಸ್ ಕೊಡಿ ಅಂತ ಯಾರೂ ಕೇಳುತ್ತಿಲ್ಲ.

ಹುಡುಗಿ ಈಗ ಮಾತಾಡುತ್ತಿದ್ದಾಳೆ. ಕಾರವಾರದಲ್ಲಿ ಟ್ರಂಕು, ಡ್ರಮ್ಮಿನ ಚಿತ್ರ ಬರೆದುಕೊಂಡ ಅದೇ ನೋಟ್‌ಬುಕ್ಕಿನಲ್ಲಿ ನಿಮ್ಮ ಲೇಖನವನ್ನು ಕತ್ತರಿಸಿ ಅಂಟಿಸಿದ್ದಾಳೆ, ಆ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು. ಪಕ್ಕದ ಪುಟ ಖಾಲಿ ಬಿಟ್ಟಿದ್ದಾಳೆ. ಅದು ಯಾಕೆ ಅಂತ ಕೇಳಿದೆ. ತಿದ್ದುಪಡಿ ಬಂದರೆ ಅಂಟಿಸೋಕೆ ಮಾವ ಅಂದಳು.

ಇತಿ,
ನಿಮ್ಮ ಹಳೇ ಓದುಗ
ಸಾಗರ, ಶಿವಮೊಗ್ಗ ಜಿಲ್ಲೆ